ಮಾಸ್ತರರ ಮೂರನೆಯ ಕಾಲು

ಮಾಸ್ತರರು ಆ ಕೋಲನ್ನು ಮನೆಗೆ ತಂದ ಸಾಯಂಕಾಲ ಮನೆಯಾಕೆ ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಕರಿಯ ಬಣ್ಣದ, ಒಂದರೊಳಗೊಂದು ಜಾರುವ ನಾಲ್ಕು ಕೊಳವೆಗಳ, ತುದಿಯಲ್ಲಿ ರಬ್ಬರಿನ ಗೊರಸುಳ್ಳ ಆ ವಸ್ತುವನ್ನು ಆಕೆ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, “ಅಂತೂ ಊರುಗೋಲು ಬಂತಲ್ಲ!” ಎಂದು ನಕ್ಕರು. ಇದು ಊರುಗೋಲಲ್ಲ, ಮಾನೊಪಾಡ್ ಎಂಬ ಸಾಧನ, ಕ್ಯಾಮರಾಕ್ಕೆ ಆಧಾರವಾಗಿ ನಿಲ್ಲತಕ್ಕದ್ದು ಎಂದು ಮಾಸ್ತರರು ವಿವರಿಸಿದರು. “ಕ್ಯಾಮರಾಕ್ಕೋ, ಕ್ಯಾಮರಾ ಹಿಡಿದವರಿಗೋ?” ಎಂಬ ಎರಡನೆಯ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ. ಹಾಸ್ಯ ನಿಜದ ಹತ್ತಿರ ಬಂದಾಗ ನಗುವುದು ಕಷ್ಟ. ಅವರ ತಂದೆ ಕಡೆಯ ಆರು ವರ್ಷ ಊರಿದ ಬೆತ್ತದ ಕೋಲು ಅದೇ ಜಗಲಿಯ ಮೂಲೆಯಲ್ಲಿ ಇನ್ನೂ ನಿಂತಿತ್ತು. ಹೊಸದನ್ನು ಅದರ ಪಕ್ಕದಲ್ಲಿ ಒರಗಿಸಲು ಮನಸ್ಸು ಬಾರದೆ ಅವರು ಒಳಗೆ ಕೊಂಡುಹೋಗಿ ಬೀರುವಿನ ಹಿಂದೆ ಇಟ್ಟರು.

ಕಾರ್ಕಳದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಷ್ಟು ಕಾಲ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಛಾಯಾಗ್ರಹಣ ಅವರಿಗೆ ಜೀವನೋಪಾಯವಲ್ಲ, ಆದರೆ ಕೇವಲ ವಿನೋದವೂ ಅಲ್ಲ. ಫಿಲ್ಮಿನ ಕಾಲದಲ್ಲಿ ಸಂಬಳದ ಒಂದಂಶ ತಪ್ಪದೆ ಅದಕ್ಕೆ ಸಲ್ಲುತ್ತಿತ್ತು. ಮೂವತ್ತಾರು ಚಿತ್ರಗಳ ಒಂದು ಸುರುಳಿಯನ್ನು ಒಂದು ಇಡೀ ರಾತ್ರಿಯ ಕಂಬಳಕ್ಕೆ ಹಂಚಿ ಬಳಸಿದ ಆ ಜಿಪುಣತನವೇ ತಮ್ಮ ಗುರುವೆಂದು ಅವರು ಹೇಳುವುದುಂಟು. ಹೂವು, ಮುಖ, ದೇವಸ್ಥಾನ ಇವು ಅವರಿಗೆ ರುಚಿಸವು; ನಿಂತದ್ದನ್ನು ಯಾರು ಬೇಕಾದರೂ ಹಿಡಿಯಬಹುದು ಎಂಬ ಅಹಂಕಾರ ಅವರಲ್ಲಿ ಸ್ವಲ್ಪ ಇದ್ದಿತು. ಓಡುವುದು ಬೇಕು, ಅದರಲ್ಲೂ ಕೆಸರಿನಲ್ಲಿ ಓಡುವುದು ಬೇಕು. ನವೆಂಬರಿನಿಂದ ಮಾರ್ಚಿಯವರೆಗೆ ಶನಿವಾರ ಭಾನುವಾರಗಳಲ್ಲಿ ಅವರನ್ನು ಮನೆಯಲ್ಲಿ ಹುಡುಕುವುದು ವ್ಯರ್ಥವಾಗಿತ್ತು.

ಕಂಬಳವೆಂದರೇನೆಂದು ಕರಾವಳಿಯ ಮನೆಗಳಲ್ಲಿ ಹೇಳತಕ್ಕುದಿಲ್ಲ. ಘಟ್ಟದ ಮೇಲಿನ ವಾಚಕರಿಗಾಗಿ ಇಷ್ಟು ಸಾಕು: ನೀರು ನಿಲ್ಲಿಸಿದ ಕೆಸರಿನ ಎರಡು ಉದ್ದನೆಯ ಓಣಿಗಳು ಪಕ್ಕಪಕ್ಕದಲ್ಲಿರುತ್ತವೆ, ಇವಕ್ಕೆ ಕರೆಗಳೆಂದು ಹೆಸರು. ಜೋಡಿ ಕೋಣಗಳು, ಅವುಗಳ ಹಿಂದೆ ಒಬ್ಬ ಮನುಷ್ಯ, ಒಂದು ತುದಿಯಿಂದ ಹೊರಟು ಇನ್ನೊಂದು ತುದಿಯ ಮಂಜೊಟ್ಟಿಯೆಂಬ ಏರನ್ನು ಹತ್ತಿ ನಿಲ್ಲುವರು. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳು. ಕನೆಹಲಗೆಯಲ್ಲಿ ಮಾತ್ರ ವೇಗಕ್ಕಿಂತ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತೆಂಬುದು ಮುಖ್ಯ. ಮೇಲೆ ಕಟ್ಟಿದ ನಿಶಾನೆಗೆ ನೀರು ತಾಗಬೇಕು. ಉಳಿದವುಗಳಲ್ಲಿ ವೇಗವೇ ಸರ್ವಸ್ವ. ಎಷ್ಟು ವೇಗವೆಂದರೆ, 2020ನೆಯ ಇಸವಿ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಮುಗಿಸಿ ದೇಶವಿದೇಶಗಳಲ್ಲಿ ಸುದ್ದಿಯಾದರು. ಓಟದ ಮೈದಾನದ ವೀರರೊಡನೆ ಅವರನ್ನು ಹೋಲಿಸಿದ ಪತ್ರಿಕೆಗಳ ಉತ್ಸಾಹವನ್ನು ಬದಿಗಿಡೋಣವೆಂದರೂ — ಕೋಣಗಳ ಎಳೆತದ ಸಹಾಯ ಮನುಷ್ಯನಿಗೆ ಅಲ್ಲಿ ಇದ್ದೇ ಇದೆ — ಸೆಕೆಂಡಿಗೆ ಹತ್ತು ಮೀಟರಿಗೂ ಮೀರಿದ ಆ ಲೆಕ್ಕ ಮಾತ್ರ ಸುಳ್ಳಲ್ಲ.

ಮಾಸ್ತರರು ಆ ಲೆಕ್ಕವನ್ನು ತಮ್ಮದೇ ರೀತಿಯಲ್ಲಿ ಮಾಡಿದ್ದರು. ಕ್ಯಾಮರಾದ ಮುಂದೆ ಅಡ್ಡಲಾಗಿ ಹಾಯುವ ಕೋಣವು ಸೆಕೆಂಡಿನ ಅರವತ್ತನೆಯ ಒಂದು ಭಾಗದಲ್ಲಿ ಹದಿನೇಳು ಸೆಂಟಿಮೀಟರು ಸರಿಯುತ್ತದೆ. ಸಾವಿರದ ಒಂದು ಭಾಗದಲ್ಲಿ ಒಂದೇ ಸೆಂಟಿಮೀಟರು. ಹಗಲು ಬಿಸಿಲಿನಲ್ಲಿ ಸಾವಿರದ ಭಾಗ ಸುಲಭ. ರಾತ್ರಿ ದೀಪಗಳ ಕೆಳಗೆ ಅಷ್ಟು ಬೆಳಕೆಲ್ಲಿ? ನಾನೂರರ ಭಾಗಕ್ಕೆ ಇಳಿಯಬೇಕು, ಕೆಲವೊಮ್ಮೆ ಅದಕ್ಕಿಂತ ಕೆಳಗೆ. ಅಲ್ಲಿ ಓಡುವ ಪ್ರಾಣಿಯ ಚಲನೆಯ ಜೊತೆಗೆ ಹಿಡಿದವನ ಕೈಯ ಚಲನೆಯೂ ಚಿತ್ರದೊಳಗೆ ಸೇರಿಕೊಳ್ಳುತ್ತದೆ.

ಕೈಯ ಮಾತು ಬಂದುದರಿಂದ ಹೇಳಬೇಕು. ಅರವತ್ತಮೂರನೆಯ ವರ್ಷದಲ್ಲಿ ಅವರ ಎಡಗೈ ನಡುಗಲಾರಂಭಿಸಿತು. ಊಟದ ಸಮಯದಲ್ಲಿ ಇಲ್ಲ, ಬರೆಯುವಾಗ ಅಷ್ಟಾಗಿ ಇಲ್ಲ; ಭಾರವನ್ನೆತ್ತಿ ಮುಂದಕ್ಕೆ ಹಿಡಿದಾಗ ಮಾತ್ರ. ವೈದ್ಯರು ಪರೀಕ್ಷಿಸಿ, ಇದು ಪ್ರಾಣಕ್ಕೆ ಅಪಾಯವಾದುದಲ್ಲ, ವಯಸ್ಸಿನೊಂದಿಗೆ ಹಲವರಿಗೆ ಬರತಕ್ಕದ್ದು ಎಂದು ಸಮಾಧಾನ ಹೇಳಿದರು. ಪ್ರಾಣಕ್ಕೆ ಅಪಾಯವಿಲ್ಲದ ಎಷ್ಟೋ ವಿಷಯಗಳಿಂದ ಬಾಳು ಕುಗ್ಗುವುದುಂಟೆಂದು ವೈದ್ಯರಿಗೆ ತಿಳಿಸಿ ಹೇಳುವ ಬಗೆ ಹೇಗೆ? ಅವರ 300 ಮಿಲಿಮೀಟರಿನ ಹಳೆಯ ದೊಡ್ಡ ಲೆನ್ಸು ಕ್ಯಾಮರಾ ಸಹಿತ ಮೂರು ಕಿಲೋವನ್ನು ಮೀರಿ ತೂಗುವುದು. ಮೂವತ್ತು ಮೀಟರು ದೂರದಲ್ಲಿ ಅದು ಕಾಣಿಸುವ ಅಂಗಳ ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರ. ಕೈ ಒಂದು ಡಿಗ್ರಿ ಹಂದಿದರೆ ಅಲ್ಲಿ ಒಂದೂಮುಕ್ಕಾಲು ಅಡಿ ಜಾರಿದಂತಾಯಿತು. ಕೋಣದ ಕಣ್ಣಿನ ಮೇಲೆ ಇರಬೇಕಾದ ಸ್ಪಷ್ಟತೆ ಅದರ ಬೆನ್ನಿನ ಮೇಲೆಯೋ ಹಿಂದಿನ ಬೇಲಿಯ ಮೇಲೆಯೋ ಹೋಗಿ ಕುಳಿತುಕೊಳ್ಳುವುದು.

ಹಾಗೆ ಒಂದು ವರ್ಷದ ಚಿತ್ರಗಳೆಲ್ಲ ಹಾಳಾದುವು. ಅವರು ಯಾರಿಗೂ ಹೇಳಲಿಲ್ಲ. ಆದರೆ ಆ ವರ್ಷ ಒಂದು ಮಾತು ಕೊಟ್ಟಿದ್ದರು.

ಊರಿನ ಗುತ್ತಿನ ಮನೆಯ ಯಜಮಾನರು ಬಹುಕಾಲದ ಪರಿಚಿತರು. ಕೋಣಗಳನ್ನು ಸಾಕಿ, ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಮಕ್ಕಳಿಗಿಂತ ಹೆಚ್ಚು ಅಕ್ಕರೆಯಿಂದ ನೋಡಿಕೊಂಡ ಮನೆ ಅದು. ಯಜಮಾನರಿಗೆ ಪಾರ್ಶ್ವವಾಯು ತಾಗಿ ಎಡಮೈ ಸೋತು ಅವರು ಮಂಚ ಹಿಡಿದಿದ್ದರು. ಅವರ ಜೋಡಿಯಲ್ಲಿ ಎಡದ್ದಾದ ಕರಿಯನಿಗೂ ವಯಸ್ಸಾಗಿತ್ತು. ಇನ್ನೆರಡು ವರ್ಷ ಹೆಚ್ಚೆಂದರೆ ಓಡೀತು. ಪದಕ ಹಾಕಿ ಶಾಲು ಹೊದೆಸಿ ನಿಲ್ಲಿಸಿ ತೆಗೆದ ಚಿತ್ರಗಳು ಆ ಮನೆಯ ಗೋಡೆಯ ತುಂಬ ಇದ್ದುವು. “ಮಾಸ್ಟ್ರೇ, ಇವೆಲ್ಲ ಮದುವೆಯ ಫೋಟೋದ ಹಾಗೆ. ನನಗೆ ಅವನು ಓಡುವಾಗಿನ ಮುಖ ಒಂದು ಬೇಕು. ಎದುರಿನಿಂದ. ಮಂಜೊಟ್ಟಿಯಲ್ಲಿ ನಿಂತು ನಾನು ನೋಡುತ್ತಿದ್ದ ಹಾಗೆ” ಎಂದು ಯಜಮಾನರು ತೊದಲಿನ ಮಾತಿನಲ್ಲಿ ಕೇಳಿದರು. ಮಾಸ್ತರರು ಒಪ್ಪಿಕೊಂಡರು. ಆ ವರ್ಷದ ಮೂರು ಕಂಬಳಗಳಲ್ಲಿ ತೆಗೆದ ಸುಮಾರು ನಲವತ್ತು ಚಿತ್ರಗಳಲ್ಲಿ ಯಾವುದರಲ್ಲಿಯೂ ಆ ಮುಖ ಇರಲಿಲ್ಲ. ಮುಖವಿದ್ದ ಜಾಗದಲ್ಲಿ ಒಂದು ಕಪ್ಪು ಮಂಜು ಇದ್ದಿತು. ಮುಂದಿನ ವರ್ಷವೆಂದು ಹೇಳಿ ಬಂದರು. ಮಂಚದ ಮೇಲಿನ ಮನುಷ್ಯನಿಗೆ ಮುಂದಿನ ವರ್ಷ ಎಂದು ಹೇಳಿ ಬಂದುದು ಅವರಿಗೆ ಬಹಳ ದಿನ ಮುಳ್ಳಿನಂತೆ ಇದ್ದಿತು.

ಮೂರು ಕಾಲಿನ ಸ್ಟ್ಯಾಂಡು ಅವರ ಬಳಿ ಇದ್ದೇ ಇತ್ತು. ಆದರೆ ಕಂಬಳದ ಜನಸಂದಣಿಯಲ್ಲಿ ಅದರ ಕಾಲುಗಳನ್ನು ಹರಡಿದರೆ ಎಡವುವವರೆಷ್ಟು, ಬೈಯುವವರೆಷ್ಟು! ತಿರುಗಿಸುವುದಕ್ಕೂ ಅದು ಬಲು ಸಾವಧಾನಿ. ಒಂಟಿಕಾಲಿಗಾದರೋ ಒಂದು ಅಂಗೈಯಗಲ ನೆಲ ಸಾಕು. ಲೆನ್ಸಿನ ಭಾರವನ್ನೆಲ್ಲ ಅದು ಹೊರುತ್ತದೆ. ಮೇಲೆ ಕೆಳಗೆ ತುಯ್ಯುವ ನಡುಕವನ್ನು ಬಹುಮಟ್ಟಿಗೆ ನುಂಗುತ್ತದೆ. ಎಡಕ್ಕೂ ಬಲಕ್ಕೂ ತಿರುಗಬೇಕಾದರೆ ಬುಡದ ಮೇಲೆ ಬುಗುರಿಯಂತೆ ತಿರುಗಿದರಾಯಿತು. ಅದಕ್ಕೆ ತಾನಾಗಿ ನಿಲ್ಲುವ ಶಕ್ತಿಯಿಲ್ಲವೆಂಬುದು ನಿಜ. ಮನುಷ್ಯನ ಎರಡು ಕಾಲುಗಳನ್ನು ಸ್ವಲ್ಪ ಅಗಲಿಸಿ, ಕೋಲಿನ ಬುಡವನ್ನು ಮುಂದಕ್ಕೆ ಊರಿ, ಮೈಯನ್ನು ಅದರ ಕಡೆಗೆ ಕೊಂಚ ಬಾಗಿಸಿದರೆ ಆಗ ಮೂರು ಕಾಲುಗಳಾದುವು. ವಿಜ್ಞಾನದ ಮಾಸ್ತರರಿಗೆ ಈ ತತ್ತ್ವ ತಿಳಿಯಲು ತಡವಾಗಲಿಲ್ಲ. ಒಪ್ಪಲು ಮಾತ್ರ ತಡವಾಯಿತು.

ಮೊದಲು ಅವರು ಲೆನ್ಸನ್ನು ನೇರವಾಗಿ ಕೋಲಿನ ತುದಿಗೇ ತಿರುಪಿ ಕೂರಿಸಿದರು. ಮಂಜೊಟ್ಟಿಯ ಪಕ್ಕದ ದಿಬ್ಬದಲ್ಲಿ ನಿಂತರೆ ಕ್ಯಾಮರಾ ಕೋಣಗಳ ತಲೆಗಿಂತ ಸುಮಾರು ಹತ್ತು ಅಡಿ ಮೇಲಿರುತ್ತದೆ. ದೂರದಲ್ಲಿರುವಾಗ ದೃಷ್ಟಿ ಬಹುಮಟ್ಟಿಗೆ ಸಮತಲ. ಮೂವತ್ತು ಮೀಟರಿಗೆ ಬಂದಾಗ ಆರು ಡಿಗ್ರಿಗೆ ಸಮೀಪ ತಗ್ಗಬೇಕು. ಹತ್ತು ಮೀಟರಿಗೆ ಬಂದಾಗ ಹದಿನೇಳಕ್ಕೆ ಸಮೀಪ. ಈ ಎರಡರ ನಡುವೆ ಎರಡೇ ಸೆಕೆಂಡು. ಆ ಲೆನ್ಸಿನ ಚಿತ್ರದ ಎತ್ತರವೋ ಐದು ಡಿಗ್ರಿಯೂ ಇಲ್ಲ. ಎಂದರೆ ಎರಡು ಸೆಕೆಂಡಿನಲ್ಲಿ ಚಿತ್ರದ ಎರಡು ಪಾಲಿಗೂ ಮಿಗಿಲಾಗಿ ಕೆಳಕ್ಕಿಳಿದು, ಕೋಣ ಏರನ್ನು ಹತ್ತಿತೆಂದರೆ ಮತ್ತೆ ಮೇಲಕ್ಕೇಳಬೇಕು. ತಲೆಯಿಲ್ಲದ ಕೋಲನ್ನು ಹಿಡಿದವನು ಇದನ್ನು ಮಾಡಬೇಕಾದರೆ ಇಡೀ ಕೋಲನ್ನೇ ಮುಂದಕ್ಕೂ ಹಿಂದಕ್ಕೂ ವಾಲಿಸಬೇಕು. ಐದಡಿಯ ಕೋಲು ಹದಿನೈದು ಡಿಗ್ರಿ ವಾಲಿದರೆ ತುದಿಯು ಒಂದೂಕಾಲು ಅಡಿ ಸರಿಯುತ್ತದೆ. ಕಣ್ಣು ಅದರೊಡನೆ ಓಡಬೇಕು, ಮೈ ಓಡಬೇಕು, ಪಕ್ಕದವನ ಮೂಗಿನ ಕ್ಷೇಮವನ್ನೂ ನೋಡಿಕೊಳ್ಳಬೇಕು. ಹೊರಿಸಿದ್ದ ಭಾರ ಮತ್ತೆ ಕೈಗೇ ಬಂದಿತು.

ಆದುದರಿಂದ ಕೋಲಿಗೆ ಒಂದು ತಲೆ ಬೇಕಾಯಿತು, ಅದೂ ಆಡುವ ತಲೆ. ಮಂಗಳೂರಿನಲ್ಲಿರುವ ಸೋದರಳಿಯನು ತನ್ನಲ್ಲಿದ್ದ ಗುಂಡಿನ ತಲೆಯನ್ನು ಕೊಟ್ಟನು. ಬಟ್ಟಲಿನೊಳಗೆ ಗೋಲಿಯಂತೆ ಅದು ಎಲ್ಲ ದಿಕ್ಕುಗಳಿಗೂ ಹೊರಳುತ್ತದೆ. ಎಲ್ಲ ದಿಕ್ಕುಗಳಿಗೂ ಹೊರಳುವುದೇ ಅದರ ದೋಷವೆಂಬುದು ತೋಟದಲ್ಲಿ ಪರೀಕ್ಷಿಸಿದ ಮೊದಲನೆಯ ಗಳಿಗೆಯಲ್ಲಿಯೇ ಗೊತ್ತಾಯಿತು. ತಿರುಪನ್ನು ಸಡಿಲಿಸಿದೊಡನೆ ಮೂರು ಕಿಲೋ ಭಾರ ಪಕ್ಕಕ್ಕೆ ಉರುಳಿ ಅವರ ಬೆರಳ ಗೆಣ್ಣುಗಳನ್ನು ಕೋಲಿಗೆ ಜಜ್ಜಿತು. ಬಿಗಿದರೆ ಅದು ಮಣಿಯಲೊಲ್ಲದು. ರಾತ್ರಿ ಅರಸಿನ ಹಚ್ಚಿಕೊಂಡು ಕುಳಿತಾಗ ಅವರು ಕಾಗದದ ಮೇಲೆ ಮೂರು ಚಲನೆಗಳನ್ನು ಬರೆದು ನೋಡಿದರು. ಎಡಬಲ ತಿರುಗುವುದನ್ನು ಕೋಲಿನ ಬುಡವೇ ಮಾಡುತ್ತದೆ. ಚಿತ್ರವನ್ನು ಅಡ್ಡವಾಗಿಯೋ ನಿಡಿದಾಗಿಯೋ ಹೊರಳಿಸುವುದನ್ನು ದೊಡ್ಡ ಲೆನ್ಸಿನ ಕೊರಳಲ್ಲಿರುವ ಬಳೆ ಮಾಡುತ್ತದೆ. ಉಳಿದುದು ಮೇಲೆ ಕೆಳಗೆ ಬಾಗುವುದೊಂದೇ. ಒಂದು ಚಲನೆ ಬೇಕಾದಲ್ಲಿ ಮೂರನ್ನು ಕೊಟ್ಟುದರಿಂದಲ್ಲವೆ ಬೆರಳು ಜಜ್ಜಿದುದು? ಬಾಗಿಲಿನ ಬಿಜಾಗರಿಯಂತೆ ಒಂದೇ ದಿಕ್ಕಿಗೆ ಆಡುವ ತಲೆ ಸಾಕು. ಅಂಥದೂ ದೊರೆಯುತ್ತದೆ, ಗುಂಡಿನದಕ್ಕಿಂತ ಸರಳವಾದುದು, ಹಗುರವಾದುದು, ಟಿಲ್ಟ್ ಹೆಡ್ ಎಂದು ಅದಕ್ಕೆ ಹೆಸರು. ಹೀಗಿದ್ದರೂ ಬಲ್ಲವರಲ್ಲಿ ಹಲವರು ಮೊದಲು ಗುಂಡಿನದನ್ನೇ ಕೊಂಡು, ಆ ಮೇಲೆ ಇದಕ್ಕೆ ಬರುತ್ತಾರೆ.

ಹೊಸ ತಲೆ ಬಂದ ದಿನದ ಅವಸ್ಥೆ ಇನ್ನೂ ಹಾಸ್ಯಾಸ್ಪದ. ಕೂರಿಸಿ ಆಡಿಸಿ ನೋಡಿದರೆ ಲೆನ್ಸು ಮೇಲೆ ಕೆಳಗೆ ಬಾಗುವುದರ ಬದಲಾಗಿ ‘ಅಲ್ಲ, ಅಲ್ಲ’ ಎಂಬಂತೆ ಎಡಬಲಕ್ಕೆ ವಾಲಿತು. ಕಳುಹಿಸಿದ ಅಂಗಡಿಗೆ ಕಾಗದ ಬರೆಯಲು ಮಾಸ್ತರರು ಸಿದ್ಧರಾದರು. ದೋಷ ಅಂಗಡಿಯದಲ್ಲ. ಕ್ಯಾಮರಾದ ಹೊಟ್ಟೆಗೆ ಹಾಕುವ ಹಿಡಿತದ ಪಟ್ಟಿ ಅಡ್ಡವಾಗಿರುತ್ತದೆ. ಲೆನ್ಸಿನ ಪಾದಕ್ಕೆ ಹಾಕುವುದು ಉದ್ದಕ್ಕೆ ಇರುತ್ತದೆ. ತಲೆಯ ಮೇಲಿನ ಕಚ್ಚು ಕ್ಯಾಮರಾದ ಹೊಟ್ಟೆಗೆ ಹೊಂದುವಂತೆ ಬಂದಿದ್ದಿತು. ಅದನ್ನು ಬಿಚ್ಚಿ ಕಾಲು ಸುತ್ತು ತಿರುಗಿಸಿ ಮತ್ತೆ ಬಿಗಿದಾಗ ಲೆನ್ಸು ವಿನಯದಿಂದ ತಲೆದೂಗಿತು. ಭಾರದ ನಡುಮಧ್ಯ ಬಿಜಾಗರಿಯ ನೇರಕ್ಕೆ ಬರುವಂತೆ ಲೆನ್ಸನ್ನು ಹಿಂದೆ ಮುಂದೆ ಸರಿಸಿ, ತಿರುಪನ್ನು ಅರೆಬಿಗಿ ಮಾಡಿದರೆ, ಕೈ ಬಿಟ್ಟಲ್ಲಿ ನಿಲ್ಲುವುದು, ಬೆರಳು ತಾಗಿಸಿದಲ್ಲಿ ಬಾಗುವುದು. ಈ ಅರೆಬಿಗಿಯಲ್ಲಿಯೇ ಎಲ್ಲ ಗುಟ್ಟೂ ಇದೆ. ನಡುಗುವ ಕೈಗೆ ಅದು ಎಷ್ಟು ಉಪಕಾರಿಯೆಂದರೆ, ಸಣ್ಣ ನಡುಕವನ್ನು ತಲೆಯ ಬಿಗಿ ತಡೆಯುತ್ತದೆ. ಬೇಕೆಂದು ಒತ್ತಿದ ಒತ್ತನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ಇಂಥ ವಿವೇಕ ಮನುಷ್ಯರ ತಲೆಯಲ್ಲಿಯೂ ಅಪರೂಪ.

ಅಭ್ಯಾಸಕ್ಕೆ ಕೋಣಗಳು ದಿನವೂ ದೊರೆಯುವುವೆ? ಕಾರ್ಕಳ ಉಡುಪಿ ರಸ್ತೆಯ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ದೊರೆತುವು. ಇಳಿಜಾರಿನ ತಿರುವೊಂದರ ಮೇಲಿನ ದಿಬ್ಬದಲ್ಲಿ ಸಂಜೆಯ ಹೊತ್ತು ಮಾಸ್ತರರು ಕೋಲು ಊರಿ ನಿಲ್ಲತೊಡಗಿದರು. ವೇಗದ ಲೆಕ್ಕ ಹಿಡಿಯಲು ಸರಕಾರದವರು ಬಂದಿರುವರೆಂದು ಭ್ರಮಿಸಿ ಕೆಲವು ಚಾಲಕರು ಅಲ್ಲಿ ನಿಧಾನ ಮಾಡಿದರಂತೆ. ಊರಿಗೆ ಅಷ್ಟು ಉಪಕಾರವಾಯಿತು, ಅಭ್ಯಾಸಕ್ಕೆ ಸ್ವಲ್ಪ ಭಂಗ ಬಂದಿತು.

ಓಡುವುದನ್ನು ಹಿಡಿಯುವ ಈ ಹಂಬಲ ಹಳೆಯದು. 1878ರ ಜೂನಿನಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಮೈಬ್ರಿಜ್ ಎಂಬವರು ಓಟದ ದಾರಿಯುದ್ದಕ್ಕೂ ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿಟ್ಟು, ಅಡ್ಡಕ್ಕೆ ಕಟ್ಟಿದ ದಾರಗಳನ್ನು ಕುದುರೆಯೇ ಹರಿದುಕೊಂಡು ಹೋಗುವಂತೆ ಮಾಡಿ, ನಾಗಾಲೋಟದ ಕುದುರೆಯ ನಾಲ್ಕು ಕಾಲುಗಳೂ ಒಂದು ಕ್ಷಣ ನೆಲ ಬಿಟ್ಟಿರುವುದೆಂದು ತೋರಿಸಿದರು. ಅದೂ ಚಿತ್ರಗಾರರು ಶತಮಾನಗಳಿಂದ ಬರೆದಂತೆ ಕಾಲು ಚಾಚಿದಾಗಲ್ಲ; ಹೊಟ್ಟೆಯ ಕೆಳಗೆ ಕಾಲುಗಳನ್ನು ಕೂಡಿಸಿಕೊಂಡಾಗ. ಮೈಬ್ರಿಜರು ಕ್ಯಾಮರಾಗಳನ್ನು ನಿಲ್ಲಿಸಿ ಕುದುರೆಯನ್ನು ಓಡಿಸಿದರು. ಫ್ರಾನ್ಸಿನ ಲಾರ್ತಿಗ್ ಎಂಬ ಯುವಕನು ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೋಟಾರು ಪಂದ್ಯದಲ್ಲಿ ಗಾಡಿಯೊಡನೆ ತನ್ನ ಕ್ಯಾಮರಾವನ್ನೇ ತಿರುಗಿಸಿದನು. ಚಕ್ರ ಒಂದು ಕಡೆಗೂ ನೋಡುವ ಜನ ಇನ್ನೊಂದು ಕಡೆಗೂ ವಾಲಿದ ಆ ಚಿತ್ರವು ತಪ್ಪಿನಿಂದಲೇ ಪ್ರಸಿದ್ಧವಾಯಿತು. ಮಾಸ್ತರರು ತಾವು ಲಾರ್ತಿಗನ ಪಂಗಡದವರೆಂದು ಹೇಳಿಕೊಳ್ಳುತ್ತಿದ್ದರು. ತಪ್ಪಿನಿಂದ ಪ್ರಸಿದ್ಧಿ ಬಂದ ಭಾಗ ಮಾತ್ರ ತಮಗೆ ಅನ್ವಯಿಸಲಿಲ್ಲವೆಂದು ಸೇರಿಸುತ್ತಿದ್ದರು.

ಕ್ಯಾಮರಾ ಕಣ್ಣಿಗಿಂತ ಹೆಚ್ಚು ಕಾಣುವುದರಿಂದ ತೊಡಕೂ ಉಂಟು. ಓಡಿಸುವವನ ಕೈಯ ಬೆತ್ತ ಕೋಣದ ಬೆನ್ನಿಗೆ ತಾಗಿದ ಕ್ಷಣವೂ ಅದರಲ್ಲಿ ನಿಂತುಬಿಡುತ್ತದೆ. 2014ರಲ್ಲಿ ಜಲ್ಲಿಕಟ್ಟಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, 2016ರ ಕೊನೆಗೆ ಕಂಬಳಕ್ಕೂ ತಡೆ ಬಿದ್ದು, 2017ರಲ್ಲಿ ಕರ್ನಾಟಕವು ಕಾನೂನನ್ನು ತಿದ್ದಿ, ಕಡೆಗೆ 2023ರ ಮೇ ತಿಂಗಳಿನಲ್ಲಿ ಐವರು ನ್ಯಾಯಾಧೀಶರ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯುವವರೆಗೆ, ಮಾಸ್ತರರ ಹಳೆಯ ಚಿತ್ರಗಳನ್ನು ಎರಡು ಪಕ್ಷದವರೂ ಕೇಳಿದರು. ಅವರು ಯಾರಿಗೂ ಆರಿಸಿ ಕೊಡಲಿಲ್ಲ. ಬೇಕಾದರೆ ಒಂದು ಓಟದ ಸಾಲನ್ನು ಪೂರ್ತಿಯಾಗಿ ಒಯ್ಯಿರಿ, ಬೆತ್ತವಿದ್ದದ್ದೂ ಇಲ್ಲದ್ದೂ ಒಟ್ಟಿಗೆ, ಎಂದರು. ಯಾರೂ ಒಯ್ಯಲಿಲ್ಲ. ಗುತ್ತಿನ ಯಜಮಾನರು ಮಾತ್ರ ಒಮ್ಮೆ ಎಲ್ಲವನ್ನೂ ತರಿಸಿ ನೋಡಿ, ಮರುದಿನ ತಮ್ಮ ಕೋಣ ಓಡಿಸುವವನನ್ನು ಕರೆದು ಏನೋ ಹೇಳಿದರಂತೆ. ಇದು ಅವರು ಮಂಚ ಹಿಡಿಯುವುದಕ್ಕೆ ಮುಂಚಿನ ಮಾತು.

ಮುಂದಿನ ವರ್ಷದ ಕಂಬಳ ಬಂದಿತು. ಹಗ್ಗದ ಹಿರಿಯ ವಿಭಾಗದಲ್ಲಿ ಕರಿಯನ ಜೋಡಿಯ ಸರದಿ ರಾತ್ರಿ ಒಂದೂವರೆ ಗಂಟೆಯ ಹೊತ್ತಿಗೆ. ಮಾಸ್ತರರು ಸಂಜೆಯಿಂದಲೇ ದಿಬ್ಬದ ಮೇಲೆ ಜಾಗ ಹಿಡಿದಿದ್ದರು. ಒಸರಿ ಮೆತ್ತಗಾದ ನೆಲದಲ್ಲಿ ಕೋಲಿನ ಬುಡ ಹುಗಿಯತೊಡಗಿದ್ದನ್ನು ನೋಡಿ, ಹತ್ತಿರದ ಚಹದ ಅಂಗಡಿಯಿಂದ ಅರ್ಧ ಗೆರಟೆಯನ್ನು ಕೇಳಿ ತಂದು, ಮಣ್ಣಿಗೆ ಒತ್ತಿ ಕೂರಿಸಿ, ರಬ್ಬರಿನ ಗೊರಸನ್ನು ಅದರೊಳಗಿಟ್ಟರು. ಕೋಲು ಅದರಲ್ಲಿ ಗಾಣದ ಕಣೆಯಂತೆ ಸಲೀಸಾಗಿ ತಿರುಗಿತು. ಯಾವ ವಿಲಾಯತಿ ಕಂಪೆನಿಯೂ ಇಂಥ ಪಾದಪೀಠವನ್ನು ಮಾಡಿಲ್ಲವೆಂದು ಅವರು ಆಮೇಲೆ ಹೆಮ್ಮೆ ಪಡುವರು.

ದೂರದಲ್ಲಿ ಕೂಗೆದ್ದಿತು. ಕೊಂಬುಗಳು ಕಂಡುವು, ಅವುಗಳ ಹಿಂದೆ ಬೆಳ್ಳಗೆ ಏಳುವ ನೀರಿನ ಗೋಡೆ. ಮಾಸ್ತರರು ಬಲಗಣ್ಣನ್ನು ಒತ್ತಿ, ಮೊಣಕೈಗಳನ್ನು ಪಕ್ಕೆಗೆ ಸೇರಿಸಿ, ಎಡಗೈಯನ್ನು ಲೆನ್ಸಿನ ಮೇಲೆ ಬರಿದೆ ಇಟ್ಟುಕೊಂಡರು. ಕೈ ನಡುಗುತ್ತಲೇ ಇದ್ದಿತು. ಆದರೆ ಅದು ಹೊರಬೇಕಾದುದು ಏನೂ ಇರಲಿಲ್ಲ. ಐವತ್ತು ಮೀಟರು, ಮೂವತ್ತು ಮೀಟರು. ತಲೆ ಬಾಗಿತು. ಕರಿಯನ ಕಣ್ಣು ಚಿತ್ರದ ನಡುವೆ ಬಂದು ಅಲ್ಲಿಯೇ ಉಳಿಯಿತು. ಅದರೊಡನೆ ತಲೆ ಬಾಗುತ್ತಲೇ ಹೋಯಿತು. ಷಟರು ಹದಿನಾಲ್ಕು ಸಲ ಬಡಿಯಿತು. ಏರಿನ ಬುಡದಲ್ಲಿ ಮಾತ್ರ ಅವರು ಹಿಂದೆ ಬಿದ್ದರು. ಕೋಣ ಮೇಲಕ್ಕೆ ಹಾರಿತು, ಚಿತ್ರದಲ್ಲಿ ಬರಿಯ ಗೊರಸು ಮತ್ತು ಕೆಸರು ಉಳಿದುವು. ಜೋಡಿ ಸೋತಿತು, ಸ್ವಲ್ಪದರಲ್ಲಿ.

ಹದಿನಾಲ್ಕರಲ್ಲಿ ಮೂರು ಚಿತ್ರಗಳು ನಿಚ್ಚಳವಾಗಿದ್ದುವು. ಒಂದರಲ್ಲಿ ಮುಖ ಇತ್ತು. ಮೂಗಿನ ಹೊಳ್ಳೆ ಅರಳಿ, ರೆಪ್ಪೆಯ ಮೇಲೆ ನೀರಿನ ಹನಿ ನಿಂತು, ಕಣ್ಣು ಕ್ಯಾಮರಾದ ಆಚೆಗೆ ಎಲ್ಲಿಯೋ ನೋಡುತ್ತಿದ್ದ ಮುಖ. ಜೊತೆಯ ಕೋಣದ ಅರ್ಧ ಮಾತ್ರ ಬಂದಿತ್ತು; ಓಡಿಸುವವನು ನೀರಿನ ಹಿಂದೆ ಮರೆಯಾಗಿ ಅವನ ಒಂದು ಕೈ ಮಾತ್ರ ಕಾಣುತ್ತಿತ್ತು. ಆ ಕೈಯಲ್ಲಿ ಹಗ್ಗವಿದ್ದಿತು, ಬೆತ್ತವಿರಲಿಲ್ಲ. ಮಾಸ್ತರರು ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಹೆಗಲಲ್ಲಿ ಕೋಲು ಸಹಿತ ಗುತ್ತಿನ ಮನೆಗೆ ಹೋದರು.

ಯಜಮಾನರು ಚಿತ್ರವನ್ನು ಎದೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಮಗನು, “ನಮ್ಮ ಹುಡುಗನ ಮುಖ ಬರಲಿಲ್ಲವಲ್ಲ, ಮಾಸ್ಟ್ರೇ” ಎಂದನು. ಯಜಮಾನರು ಬಲಗೈ ಎತ್ತಿ ಅವನನ್ನು ಸುಮ್ಮನಿರಿಸಿದರು. ಅನಂತರ ಅವರ ದೃಷ್ಟಿ ಗೋಡೆಗೆ ಒರಗಿದ್ದ ಕೋಲಿನ ಕಡೆಗೆ ಹೋಯಿತು. ತರಿಸಿಕೊಂಡು, ಹೆಬ್ಬೆರಳಿನಿಂದ ಅದರ ತಲೆಯನ್ನು ಒಮ್ಮೆ ಬಾಗಿಸಿ, ಒಮ್ಮೆ ಎತ್ತಿ ನೋಡಿದರು. “ಈ ತಲೆಯೊಂದನ್ನು ತೆಗೆದರೆ ನನಗೂ ಆದೀತು” ಎಂದರು.

ಮಾಸ್ತರರು ತಿರುಪು ಬಿಚ್ಚಿ ತಲೆಯನ್ನು ತೆಗೆದರು. ಕೊಳವೆಗಳನ್ನು ಒಳಕ್ಕೆ ಸರಿಸಿ ಯಜಮಾನರ ಸೊಂಟದ ಎತ್ತರಕ್ಕೆ ಬಿಗಿದು, ತುದಿಗೆ ತಮ್ಮ ಅಂಗವಸ್ತ್ರವನ್ನು ಸುತ್ತಿಕೊಟ್ಟರು. ಎಡಗಡೆಯಲ್ಲಿ ಮಗ, ಬಲಗೈಯಲ್ಲಿ ಕೋಲು. ಹಟ್ಟಿಯವರೆಗೆ ಐವತ್ತು ಹೆಜ್ಜೆ ಇರಬಹುದು. ಕರಿಯನು ಗೊಂತಿನಿಂದ ತಲೆಯೆತ್ತಿ ನೋಡುತ್ತಿತ್ತು. ಮಾಸ್ತರರು ಜಗಲಿಯ ಮೇಲೆ ಕುಳಿತು, ಬಿಚ್ಚಿದ ತಲೆಯನ್ನು ಅಂಗೈಯಲ್ಲಿಟ್ಟುಕೊಂಡು, ಸೆಗಣಿ ಸಾರಿಸಿದ ಅಂಗಳದಲ್ಲಿ ರಬ್ಬರಿನ ಗುಂಡನೆಯ ಗುರುತುಗಳು ಒಂದೊಂದಾಗಿ ಮೂಡುವುದನ್ನು ನೋಡುತ್ತಿದ್ದರು.